ಅಗ್ಗದ ಅಂಗಡಿಯಲ್ಲಿ ನಾವು ತೆತ್ತ ಬೆಲೆ

ಕಳೆದ ಆಟಿ ತಿಂಗಳಿನ ಒಂದು ಮಧ್ಯಾಹ್ನ. ಹೊರಗೆ ಬಿಡುವಿಲ್ಲದ ಮಳೆ. ಇನ್ನಂಜೆ ನಿಲ್ದಾಣದ ಕಡೆಯಿಂದ ರೈಲಿನ ಸದ್ದೊಂದು ಕೇಳಿಬಂದು ಮಳೆಯಲ್ಲೇ ಅಡಗಿತು. ಊಟ ಮುಗಿಸಿ ಜಗಲಿಯಲ್ಲಿ ಪತ್ರಿಕೆ ಬಿಡಿಸಿಕೊಂಡು ಕುಳಿತಿದ್ದೆ. ನೆರೆಮನೆಯ ಅಕ್ಕ ಕೊಡೆಯನ್ನು ಮೆಟ್ಟಿಲ ಬಳಿ ಮಡಚಿಟ್ಟು ಬಂದರು. ನೆನೆಯದಂತೆ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಸೆರಗಿನ ಮರೆಯಲ್ಲಿ ತಂದಿದ್ದ ಲಕೋಟೆಯೊಂದನ್ನು ನನ್ನ ಕೈಗಿತ್ತು, "ಮಾಷ್ಟ್ರೇ, ಇದನ್ನೊಮ್ಮೆ ಓದಿ ಹೇಳಿ. ನನಗೆ ಕಾರು ಬಂದಿದೆಯಂತೆ" ಎಂದು ತುಳುವಿನಲ್ಲಿ ಹೇಳಿದರು.

ಲಕೋಟೆ ನೋಡಲು ಬಲು ಠೀವಿಯದು. ಹೊಳೆಯುವ ಕಾಗದ, ಮೊಹರು, ಸಹಿ, ದೂರದ ಯಾವುದೋ ಊರಿನ ವಿಳಾಸ. ಉಗುರಿನಿಂದ ಕೆರೆದರೆ ಬಹುಮಾನ ಕಾಣಿಸುವ ಚೀಟಿಯೊಂದಿತ್ತು. ಅದನ್ನು ಅವರು ಆಗಲೇ ಕೆರೆದಾಗಿತ್ತು. ಕಾರು ಬೇಡವಾದರೆ 8,40,000 ರೂಪಾಯಿ ನಗದು. ಅದಕ್ಕೆ ಮೊದಲು 'ತೆರಿಗೆ'ಯೆಂದು ಸ್ವಲ್ಪ ಹಣ ಕಟ್ಟಬೇಕು. ಇಂತಹ ಚೀಟಿಗಳ ವಂಚನೆಯ ಬಗ್ಗೆ ಪತ್ರಿಕೆಗಳಲ್ಲಿ ಹಲವು ಬಾರಿ ಓದಿದ್ದವನು ನಾನು. ಆದುದರಿಂದ ಪತ್ರದ ಒಕ್ಕಣೆ ನನ್ನನ್ನು ಬೆರಗುಗೊಳಿಸಲಿಲ್ಲ. ಬೆರಗುಗೊಳಿಸಿದ್ದು ಅದರ ಮೇಲಿದ್ದ ವಿಳಾಸ. ಅಕ್ಕನ ಪೂರ್ಣ ಹೆಸರು, ಮನೆಯ ಹೆಸರು, ಅಂಚೆ, ಪಿನ್ ಸಂಖ್ಯೆ, ಮೊಬೈಲ್ ಸಂಖ್ಯೆ ಎಲ್ಲವೂ ಒಂದಕ್ಷರ ತಪ್ಪದೆ ಅಚ್ಚಾಗಿದ್ದವು. ಅಷ್ಟೇ ಅಲ್ಲ, ಮೂರು ವಾರಗಳ ಹಿಂದೆ ಅವರು ಎರಡು ನೈಟಿಗಳನ್ನೂ ಒಂದು ತೆಂಗಿನಕಾಯಿ ತುರಿಯುವ ಯಂತ್ರವನ್ನೂ ತರಿಸಿಕೊಂಡಿದ್ದ ಅಗ್ಗದ ಬೆಲೆಯ ಆ್ಯಪ್‌ನ ಹೆಸರೇ ಪತ್ರದ ನೆತ್ತಿಯ ಮೇಲಿತ್ತು.

"ಅಕ್ಕಾ, ಇದು ಸುಳ್ಳು. ಹರಿದು ಒಲೆಗೆ ಹಾಕಿ" ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಹಾಗಾದರೆ ನಿನ್ನೆ ಕಳುಹಿಸಿದ ಐದೂವರೆ ಸಾವಿರ?" ಎಂದು ಕೇಳಿದರು.

ಆ 5,500 ರೂಪಾಯಿ ಮಲ್ಲಿಗೆಯ ಹಣ. ನಸುಕಿನಲ್ಲೆದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಒಂದೊಂದಾಗಿ ಕಟ್ಟಿ, ಚೆಂಡು ಸುತ್ತಿ ಕಳುಹಿಸಿ, ಮಳೆಗಾಲಕ್ಕೆಂದು ಎತ್ತಿಟ್ಟ ಹಣ. ಆ ದಿನವೇ ದೂರು ಕೊಟ್ಟೆವು. ಹಣ ಇಂದಿಗೂ ಹಿಂದೆ ಬಂದಿಲ್ಲ.

ಅಕ್ಕನ ಫೋನಿಗೆ ಆ ಅಂಗಡಿಯನ್ನು ಹಾಕಿಕೊಟ್ಟವನು ನಾನೇ ಎಂಬುದನ್ನು ಇಲ್ಲಿ ಮುಚ್ಚಿಡುವುದು ತರವಲ್ಲ. ನಿವೃತ್ತನಾದ ಬಳಿಕ ಮಗಳು ಕೊಡಿಸಿದ ಫೋನಿನಲ್ಲಿ ಅದೊಂದು ಹೊಸ ಹವ್ಯಾಸವಾಗಿತ್ತು. ಯಾರಾದರೊಬ್ಬರನ್ನು ಸೇರಿಸಿದರೆ 100 ರೂಪಾಯಿಯ ರಿಯಾಯಿತಿ ಸಿಗುತ್ತದೆಂದು ಬರೆದಿತ್ತು. ಅಕ್ಕನಿಗೆ ಉಪಕಾರವಾಯಿತು, ನನಗೂ ನೂರು ರೂಪಾಯಿ ಬಂತು ಎಂದುಕೊಂಡೆ. ಅದಕ್ಕೂ ಮೊದಲು ಇನ್ನೊಂದು ಅಚಾತುರ್ಯ ನಡೆದಿತ್ತು. ಬಣ್ಣದ ಚಕ್ರವೊಂದನ್ನು ತಿರುಗಿಸಿ, ಅದು ಹೇಳಿದ ಉಡುಗೊರೆಯನ್ನು ಪಡೆಯುವ ಅವಸರದಲ್ಲಿ 'ಎಲ್ಲರನ್ನೂ ಆಹ್ವಾನಿಸಿ' ಎಂಬ ಗುಂಡಿಯನ್ನು ಒತ್ತಿಬಿಟ್ಟೆ. ನನ್ನ ಫೋನಿನಲ್ಲಿರುವ ಹೆಸರುಗಳಲ್ಲಿ ಮುಕ್ಕಾಲು ಪಾಲು ಹಳೆಯ ವಿದ್ಯಾರ್ಥಿಗಳದು. ಮರುದಿನ ದುಬಾಯಿಯಿಂದ ಒಬ್ಬ ಕರೆ ಮಾಡಿ, "ಸರ್, ನೀವು ಕಳುಹಿಸಿದ್ದೆಂದು ನಾನೂ ಹಾಕಿಕೊಂಡೆ" ಎಂದ. ಮೂರು ದಶಕ ಗಣಿತ ಕಲಿಸಿ ಗಳಿಸಿದ ವಿಶ್ವಾಸವನ್ನು ಒಂದು ಗುಂಡಿಯಿಂದ ಮಾರಿದ್ದೆ. ಕೊಂಡವರು ಯಾರೆಂಬುದೂ ನನಗೆ ತಿಳಿಯದು.

ಅಕ್ಕನ ವಿಳಾಸ ಎಲ್ಲಿಂದ ಸೋರಿತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆ್ಯಪ್‌ನವರಿಂದಲೋ, ಮಾರಾಟಗಾರನಿಂದಲೋ, ಪೊಟ್ಟಣ ಹೊತ್ತು ತರುವ ಸರಪಳಿಯ ಯಾವುದೋ ಕೊಂಡಿಯಿಂದಲೋ, ಅಥವಾ ಕಸಕ್ಕೆಸೆದ ಪೊಟ್ಟಣದ ಮೇಲಿನ ಚೀಟಿಯಿಂದಲೋ. ಆ ಪತ್ರ ಬರೆದ ಕಳ್ಳರು ಅಂಗಡಿಯ ಹೆಸರನ್ನು ಕದ್ದು ಬಳಸಿದವರು ಎಂಬುದೂ ನನಗೆ ಗೊತ್ತು. ಆದರೆ ಒಂದು ಮಾತು ಖಚಿತ. ಸೋರಲು ಒಂದು ಕೊಡದಲ್ಲಿ ನೀರು ತುಂಬಿರಬೇಕು. ನಮ್ಮ ಹೆಸರು, ಊರು, ಸಂಖ್ಯೆ, ಅಭಿರುಚಿ, ಆಸೆ, ಗೆಳೆಯರು ಇಷ್ಟನ್ನೂ ನಾವೇ ತುಂಬಿಸಿಕೊಟ್ಟಿದ್ದೇವೆ. ನೈಟಿಯ ಬೆಲೆಯಲ್ಲಿ ಕಡಿಮೆಯಾದದ್ದನ್ನು ಈ ರೂಪದಲ್ಲಿ ತೆತ್ತಿದ್ದೇವೆ.

ಅಗ್ಗಕ್ಕೆ ಆಸೆಪಡುವುದು ತಪ್ಪೆಂದು ನಾನು ಉಪದೇಶ ಮಾಡಹೊರಟಿಲ್ಲ. ಚೌಕಾಸಿ ಮಾಡದೆ ಬದುಕಿದ ಬಡವರಿಲ್ಲ. ಕಾಪುವಿನ ಮಾರಿಗುಡಿಯಲ್ಲಿ ಸುಗ್ಗಿ ಮಾರಿಪೂಜೆಯ ಸಂತೆಗೆ ಚಿಕ್ಕಂದಿನಲ್ಲಿ ಅಮ್ಮನ ಕೈಹಿಡಿದು ಹೋಗುತ್ತಿದ್ದೆ. ಬಳೆಗಾರ ಹತ್ತು ಹೇಳಿದರೆ ಅಮ್ಮ ಆರೆನ್ನುವಳು. ಅವನು ಮುಖ ಸಿಂಡರಿಸುವನು, ಅಮ್ಮ ನಾಲ್ಕು ಹೆಜ್ಜೆ ನಡೆಯುವಳು, ಅವನು ಕರೆಯುವನು. ಅಲ್ಲಿಯೂ ನಾಟಕವಿತ್ತು, ಸುಳ್ಳೂ ಇತ್ತು. ಆದರೆ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದರು. ಅವನಿಗೆ ಅಮ್ಮನ ಬಗ್ಗೆ ತಿಳಿದಿದ್ದಷ್ಟೇ ಅಮ್ಮನಿಗೂ ಅವನ ಬಗ್ಗೆ ತಿಳಿದಿತ್ತು. ಸಂತೆ ಮುಗಿದ ಮೇಲೆ ಅವನು ನಮ್ಮ ಮನೆಯ ಕಿಟಕಿಯಲ್ಲಿ ಇಣುಕುತ್ತಿರಲಿಲ್ಲ.

ನಮ್ಮ ಪಕ್ಕದ ಶಂಕರಪುರವನ್ನೇ ನೋಡಿ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಉಡುಪಿ ಮಲ್ಲಿಗೆಯ ದಿನದ ದರ ಅಲ್ಲಿ ನಿಗದಿಯಾಗುತ್ತದೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಇಂದು ಅಟ್ಟೆಗೆ ಎಷ್ಟು ಎಂಬುದು ಬೆಳೆದವನಿಗೂ, ಕೊಂಡವನಿಗೂ, ಬಸ್ಸಿನಲ್ಲಿ ಹೂವು ಕಳುಹಿಸುವವನಿಗೂ ತಿಳಿದಿರುತ್ತದೆ. ಮದುವೆಯ ದಿನ ಗಗನಕ್ಕೇರುತ್ತದೆ, ಆಟಿಯಲ್ಲಿ ಕೇಳುವವರಿರುವುದಿಲ್ಲ. ಏರಲಿ, ಇಳಿಯಲಿ, ಆ ದರ ಊರಿಗೆಲ್ಲ ಒಂದೇ. ಅಕ್ಕನಿಗೆ ತಾನು ಮಾರುವ ಹೂವಿನ ಬೆಲೆ ಹೇಗೆ ನಿರ್ಣಯವಾಯಿತೆಂದು ಗೊತ್ತು. ತಾನು ಕೊಂಡ ನೈಟಿಯ ಬೆಲೆ ಹೇಗೆ ನಿರ್ಣಯವಾಯಿತೆಂದು ಗೊತ್ತಿಲ್ಲ. ಆ್ಯಪ್‌ಗೆ ಮಾತ್ರ ಅವರ ಬಗ್ಗೆ ಬೇಕಾದುದೆಲ್ಲ ಗೊತ್ತು. ಅಗ್ಗ ತುಟ್ಟಿಗಳ ಪ್ರಶ್ನೆ ಆಮೇಲಿನದು. ಒಂದು ಕಡೆಯವರಿಗೆ ಎಲ್ಲವೂ ಕಾಣುತ್ತದೆ, ಇನ್ನೊಂದು ಕಡೆಯವರಿಗೆ ಏನೂ ಕಾಣುವುದಿಲ್ಲ ಎಂಬುದೇ ಈ ವ್ಯಾಪಾರದ ಮೂಲ ದೋಷವೆಂದು ನನ್ನ ಅಭಿಪ್ರಾಯ.

ಪೆಟ್ಟು ತಿಂದ ಮೇಲೆ ನನ್ನೊಳಗಿನ ಮೇಷ್ಟ್ರು ಎಚ್ಚೆತ್ತ. ಹಳೆಯ ದಿನಚರಿ ಪುಸ್ತಕವೊಂದರಲ್ಲಿ ಆ ಆ್ಯಪ್‌ನ ನಡವಳಿಕೆಯನ್ನು ಬರೆದಿಡತೊಡಗಿದೆ. ಒಂದು ಬೆಡ್‌ಶೀಟಿನ ಕೆಳಗೆ 'ಕೇವಲ 3 ಮಾತ್ರ ಉಳಿದಿವೆ' ಎಂದಿತ್ತು. ಎಂಟು ದಿನ ನೋಡಿದೆ. ಎಂಟನೆಯ ದಿನವೂ ಮೂರೇ ಉಳಿದಿದ್ದವು. ಇನ್ನೊಂದು ವಸ್ತುವಿನ ಮೇಲೆ ಕೆಂಪು ಗಡಿಯಾರವೊಂದು ಹಿಮ್ಮುಖವಾಗಿ ಓಡುತ್ತಿತ್ತು: 'ಈ ಬೆಲೆ ಇನ್ನು 14 ನಿಮಿಷ ಮಾತ್ರ.' ಕೈಯಲ್ಲಿ ಕಾಫಿ ಹಿಡಿದು ಅದರ ಅಂತ್ಯವನ್ನು ನೋಡಲು ಕುಳಿತೆ. ಸೊನ್ನೆಗೆ ಬಂದ ಗಡಿಯಾರ ಕ್ಷಣಕಾಲ ಸುಮ್ಮನಿದ್ದು ಮತ್ತೆ ಮೊದಲಿನಿಂದ ಓಡತೊಡಗಿತು. ಬೆಲೆ ಒಂದು ಪೈಸೆಯೂ ಏರಲಿಲ್ಲ. ಬೇಡವೆನ್ನಲು ಹೋದರೆ ಅಲ್ಲಿದ್ದ ಗುಂಡಿಯ ಮೇಲಿನ ಬರಹ, 'ಇಲ್ಲ, ನನಗೆ ಉಳಿತಾಯ ಬೇಡ' ಎಂದು. ಹಣ ಕಟ್ಟುವ ಹಂತದಲ್ಲಿ ನಾನು ಕೇಳದಿದ್ದ 'ಸುರಕ್ಷತಾ ಶುಲ್ಕ'ವೊಂದು ಬುಟ್ಟಿಯಲ್ಲಿ ಬಂದು ಕುಳಿತಿತ್ತು.

ಇನ್ನು ರಿಯಾಯಿತಿಯ ಲೆಕ್ಕ. 1,999 ರೂಪಾಯಿಯನ್ನು ಗೀಟು ಹಾಕಿ ಹೊಡೆದು 299 ಎಂದು ಬರೆದರೆ ಶೇಕಡ 85ರ ಸೋಡಿಯಾಯಿತು. ಲಾಭ-ನಷ್ಟದ ಪಾಠದಲ್ಲಿ ಇಂತಹ ನೂರಾರು ಲೆಕ್ಕಗಳನ್ನು ಕರಿಹಲಗೆಯ ಮೇಲೆ ಮಾಡಿಸಿದ್ದೇನೆ. ನಮ್ಮ ಪಠ್ಯದ ಲೆಕ್ಕಗಳೆಲ್ಲ 'ಒಂದು ವಸ್ತುವಿನ ನಮೂದಿತ ಬೆಲೆ' ಎಂದು ಆರಂಭವಾಗುತ್ತಿದ್ದವು. ಆ ಬೆಲೆಯನ್ನು ನಮೂದಿಸಿದವರು ಯಾರು, ಆ ಬೆಲೆಗೆ ಆ ವಸ್ತು ಎಂದಾದರೂ ಮಾರಾಟವಾಗಿತ್ತೇ ಎಂದು ಒಬ್ಬ ಹುಡುಗನೂ ಕೇಳಲಿಲ್ಲ. ಕೇಳಬೇಕೆಂದು ನಾನೂ ಕಲಿಸಲಿಲ್ಲ. ಉತ್ತರ ಸರಿ ಬಂದರೆ ಪೂರ್ಣ ಅಂಕ ಕೊಟ್ಟು ಮುಂದೆ ಹೋಗುತ್ತಿದ್ದೆ.

ಈ ಕುಯುಕ್ತಿಗಳಿಗೆಲ್ಲ ನಮ್ಮ ದೇಶದ ಕಾನೂನಿನಲ್ಲಿಯೇ ಹೆಸರಿದೆ ಎಂಬುದು ನನಗೆ ಆಮೇಲೆ ತಿಳಿಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು 'ಡಾರ್ಕ್ ಪ್ಯಾಟರ್ನ್'ಗಳನ್ನು ತಡೆಯುವ ಮಾರ್ಗಸೂಚಿಯನ್ನು ಹೊರಡಿಸಿತು. ಗ್ರಾಹಕನನ್ನು ದಾರಿ ತಪ್ಪಿಸುವಂತೆ ರಚಿಸಿದ ಪರದೆಯ ವಿನ್ಯಾಸಗಳಿಗೆ ಆ ಹೆಸರು. ಅದರಲ್ಲಿ 13 ಬಗೆಗಳನ್ನು ಪಟ್ಟಿ ಮಾಡಿದ್ದಾರೆ. ನನ್ನ ದಿನಚರಿಯ ಸುಳ್ಳು ಗಡಿಯಾರ, ಬುಟ್ಟಿಗೆ ನುಸುಳುವ ಶುಲ್ಕ, ಬೇಡವೆನ್ನುವವನನ್ನು ನಾಚಿಸುವ ಗುಂಡಿ, ಕೊನೆಯ ಹಂತದವರೆಗೆ ಮುಚ್ಚಿಟ್ಟ ಬೆಲೆ, ಬಿಟ್ಟೂಬಿಡದೆ ಪೀಡಿಸುವ ಸಂದೇಶ ಎಲ್ಲವೂ ಅಲ್ಲಿವೆ. ಪಟ್ಟಿಯನ್ನು ಓದುತ್ತಿದ್ದಾಗ, ತನ್ನ ಕಾಯಿಲೆಯ ಹೆಸರನ್ನು ವೈದ್ಯರ ಬಾಯಿಂದ ಕೇಳಿದ ರೋಗಿಯಂತೆ ನನಗೆ ಒಂದು ಬಗೆಯ ಸಮಾಧಾನವಾಯಿತು.

ಸಮಾಧಾನ ಬಹಳ ಕಾಲ ಉಳಿಯಲಿಲ್ಲ. ಮಾರುವ ತಾಣಗಳೆಲ್ಲ ಮೂರು ತಿಂಗಳೊಳಗೆ ತಮ್ಮನ್ನು ತಾವೇ ತಪಾಸಣೆ ಮಾಡಿಕೊಳ್ಳಬೇಕೆಂದು ಪ್ರಾಧಿಕಾರ 2025ರ ಜೂನ್‌ನಲ್ಲಿ ಸೂಚಿಸಿತು. ಅದೇ ನವೆಂಬರಿನಲ್ಲಿ 26 ತಾಣಗಳು ತಮ್ಮಲ್ಲಿ ಇಂತಹ ಕುಯುಕ್ತಿಗಳಿಲ್ಲವೆಂದು ಸ್ವಯಂ ಘೋಷಿಸಿಕೊಂಡ ಸುದ್ದಿ ಬಂತು. ಉತ್ತರಪತ್ರಿಕೆಯನ್ನು ಬರೆದ ಹುಡುಗನೇ ತಿದ್ದಿ ಅಂಕ ಹಾಕಿಕೊಂಡರೆ ನಮ್ಮ ಶಾಲೆಯ ಫಲಿತಾಂಶವೂ ಪ್ರತಿವರ್ಷ ನೂರಕ್ಕೆ ನೂರು ಬರುತ್ತಿತ್ತು. ಮೌಲ್ಯಮಾಪಕ ಬೇರೆಯವನಿರಬೇಕು ಎಂಬ ಸಾಮಾನ್ಯ ನಿಯಮ ಹತ್ತನೆಯ ತರಗತಿಯ ಮಕ್ಕಳಿಗಿದ್ದು, ಕೋಟ್ಯಂತರ ರೂಪಾಯಿ ವಹಿವಾಟಿನ ಅಂಗಡಿಗಳಿಗೆ ಏಕಿಲ್ಲ? ಇಲಾಖೆ ಸುಮ್ಮನಿದೆಯೆಂದು ಹೇಳುವುದು ನ್ಯಾಯವಲ್ಲ. ಪೊಟ್ಟಣ ಕೈಗೆ ಬಂದ ಮೇಲೆ ಹಣ ಕೊಡುವವರಿಂದ ಹೆಚ್ಚುವರಿ ಶುಲ್ಕ ವಸೂಲು ಮಾಡುವುದರ ಬಗ್ಗೆ ತನಿಖೆ ನಡೆಯುತ್ತಿದೆಯೆಂದು ಧಾರವಾಡದ ಸಂಸದರೂ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರೂ ಆದ ಪ್ರಲ್ಹಾದ ಜೋಶಿಯವರು 2025ರ ಅಕ್ಟೋಬರಿನಲ್ಲಿ ತಿಳಿಸಿದ್ದರು. ಆದರೆ ತನಿಖೆಯ ಫಲ ಅಕ್ಕನಂಥವರ ಜಗಲಿಯವರೆಗೆ ಬರಬೇಕು.

ಬೇರೆಯವರು ಹೇಗೆ ಮಾಡಿದರೆಂಬುದಕ್ಕೆ ಫ್ರಾನ್ಸ್ ದೇಶದ ಉದಾಹರಣೆಯಿದೆ. ಅಗ್ಗದ ಉಡುಪುಗಳಿಗೆ ಜಗತ್ಪ್ರಸಿದ್ಧವಾದ ಶೀಇನ್ ಸಂಸ್ಥೆಯ ರಿಯಾಯಿತಿಗಳನ್ನು ಅಲ್ಲಿನ ಅಧಿಕಾರಿಗಳು ಒಂದೊಂದಾಗಿ ಪರೀಕ್ಷಿಸಿದರು. ನೋಡಿದ ಜಾಹೀರಾತುಗಳಲ್ಲಿ ಶೇಕಡ 57ರಲ್ಲಿ ಬೆಲೆ ಇಳಿದೇ ಇರಲಿಲ್ಲ. ಶೇಕಡ 19ರಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇಳಿದಿತ್ತು. ಶೇಕಡ 11ರಲ್ಲಿ ಬೆಲೆ ಏರಿತ್ತು! 2025ರ ಜುಲೈಯಲ್ಲಿ ಆ ಸಂಸ್ಥೆಗೆ 4 ಕೋಟಿ ಯೂರೋ ದಂಡ ಬಿತ್ತು. ಒಪ್ಪಿಗೆ ಪಡೆಯದೆ ಗ್ರಾಹಕರ ಜಾಡು ಹಿಡಿಯುವ ಕುಕಿಗಳನ್ನು ಇರಿಸಿದ್ದಕ್ಕಾಗಿ ಸೆಪ್ಟೆಂಬರಿನಲ್ಲಿ ಅಲ್ಲಿನ ಖಾಸಗಿತನ ರಕ್ಷಣೆಯ ಪ್ರಾಧಿಕಾರ ಮತ್ತೆ 15 ಕೋಟಿ ಯೂರೋ ದಂಡ ವಿಧಿಸಿತು. ಅಲ್ಲಿ ಲೆಕ್ಕವನ್ನು ಬೇರೆಯವರು ತಿದ್ದಿದರು.

ಅದೇ ಶೀಇನ್ ಆ್ಯಪನ್ನು ನಮ್ಮ ಸರಕಾರ 2020ರ ಜೂನ್ 29ರಂದು ಇತರ 58 ಚೀನೀ ಆ್ಯಪ್‌ಗಳೊಡನೆ ನಿಷೇಧಿಸಿತ್ತು. 2025ರಲ್ಲಿ ಅದು ರಿಲಯನ್ಸ್ ರಿಟೇಲ್‌ನ ಮೂಲಕ ಮರಳಿ ಬಂತು. ನಿಷೇಧಕ್ಕೆ ದೇಶದ ಭದ್ರತೆಯ ಕಾರಣಗಳಿದ್ದವು. ಅದನ್ನು ನಾನು ಚರ್ಚಿಸುವುದಿಲ್ಲ. ಆದರೆ ಹೊರಗಿನವರನ್ನು ಅಟ್ಟಿದರೆ ತೊಂದರೆ ತೀರಿತೆಂದು ತಿಳಿಯುವುದು ಭ್ರಮೆ. ಸುಳ್ಳು ಗಡಿಯಾರಕ್ಕೆ ಪಾಸ್‌ಪೋರ್ಟ್ ಇಲ್ಲ. ಅದನ್ನು ತಿರುಗಿಸುವವನು ಎಲ್ಲಿಯವನಾದರೂ ಅದು ಸುಳ್ಳು ಗಡಿಯಾರವೇ.

ಖಾಸಗಿತನದ ಮಾತು ಬಂದಾಗ ನಮ್ಮ ನಾಡಿನ ಹಿರಿಯರೊಬ್ಬರನ್ನು ನೆನೆಯದಿರಲಾಗದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ, ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿದರು. 'ನನ್ನಲ್ಲಿ ಮುಚ್ಚಿಡುವಂಥದ್ದು ಏನಿದೆ?' ಎಂದು ಸುಲಭವಾಗಿ ಕೇಳುವ ನಮ್ಮಂಥ ನಿವೃತ್ತರು ಆ ಹಿರಿಯರನ್ನು ನೆನೆಯಬೇಕು. ಮುಚ್ಚಿಡುವಂಥದ್ದು ಏನೂ ಇಲ್ಲದ ಅಕ್ಕನೇ ಅಲ್ಲವೇ 5,500 ರೂಪಾಯಿ ಕಳೆದುಕೊಂಡದ್ದು?

ಆ ತೀರ್ಪಿನ ಬೆಳಕಿನಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. ಅದರಲ್ಲಿ ಎರಡು ಸಂಗತಿಗಳು ನನಗೆ ಬಹಳ ಹಿಡಿಸಿದವು. ಒಂದು, ಕಾಯಿದೆಯೊಳಗೇ ಕೊಟ್ಟಿರುವ ದೃಷ್ಟಾಂತ. ವೈದ್ಯಕೀಯ ಸಲಹೆ ನೀಡುವ ಆ್ಯಪ್ ಒಂದು ಫೋನಿನಲ್ಲಿರುವ ಹೆಸರುಗಳ ಪಟ್ಟಿಯನ್ನೂ ಕೇಳಿ, ಬಳಸುವವರು ಒಪ್ಪಿದರೆನ್ನಿ. ಸಲಹೆಗೆ ಆ ಪಟ್ಟಿ ಅಗತ್ಯವಿಲ್ಲದ ಕಾರಣ ಆ ಒಪ್ಪಿಗೆ ಅಷ್ಟರ ಮಟ್ಟಿಗೆ ಊರ್ಜಿತವಲ್ಲ. ನೈಟಿ ಮಾರಲು ನನ್ನ ಹಳೆಯ ವಿದ್ಯಾರ್ಥಿಗಳ ಪಟ್ಟಿ ಏತಕ್ಕೆ ಬೇಕಿತ್ತೆಂದು ನಾವೂ ಕೇಳಬಹುದಲ್ಲವೇ? ಎರಡು, ಒಪ್ಪಿಗೆ ಕೇಳುವ ಬರಹವನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷೆಗಳಲ್ಲಿ ಓದುವ ಅವಕಾಶ ಕೊಡಬೇಕು. ಅಂದರೆ ಅಕ್ಕನಿಗೆ ಅದು ಕನ್ನಡದಲ್ಲಿ ಸಿಗಬೇಕು. ಅವರ ಮನೆಮಾತಾದ ತುಳು ಇನ್ನೂ ಆ ಪರಿಚ್ಛೇದದ ಹೊರಗೇ ನಿಂತಿದೆ. ಆದರೂ ಕನ್ನಡವಾದರೆ ಅವರು ಅಕ್ಷರಕೂಡಿಸಿ ಓದಬಲ್ಲರು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯವಾದ ಕಟ್ಟುಪಾಡುಗಳು ಜಾರಿಯಾಗಲು ಹದಿನೆಂಟು ತಿಂಗಳು, ಅಂದರೆ 2027ರ ಮೇ ತಿಂಗಳವರೆಗೆ, ಕಾಲಾವಕಾಶ ಕೊಟ್ಟಿದ್ದಾರೆ. ಗ್ರಾಹಕನಿಗೆ 14 ನಿಮಿಷ, ಕಂಪೆನಿಗೆ 18 ತಿಂಗಳು!

ನನ್ನ ಮಾತು ಏಕಪಕ್ಷೀಯವಾಗಬಾರದು. ಈ ಆ್ಯಪ್‌ಗಳಿಂದ ಪ್ರಯೋಜನವಿಲ್ಲವೆಂದಲ್ಲ. ಉಡುಪಿಗೆ ಹೋಗಿ ಬರಲು ಅರ್ಧ ದಿನದ ಕೂಲಿ ಕಳೆದುಕೊಳ್ಳುವ ಹೆಂಗಸರಿಗೆ ಮನೆಬಾಗಿಲಿಗೆ ಬರುವ ಪೊಟ್ಟಣ ದೊಡ್ಡ ಅನುಕೂಲ. ತಮ್ಮ ಅಳತೆಯ ಒಳಉಡುಪನ್ನು ಗಂಡಸರ ಮುಂದೆ ಕೇಳುವ ಮುಜುಗರವೂ ಇಲ್ಲವೆಂದು ನನ್ನ ಪತ್ನಿಯೇ ಹೇಳುತ್ತಾಳೆ. ಮನೆಯಲ್ಲಿ ಹೊಲಿದುದನ್ನು ದೂರದೂರಿಗೆ ಮಾರುವವರೂ ಇದ್ದಾರೆ. ಊರ ಅಂಗಡಿಯವರೆಲ್ಲ ಹರಿಶ್ಚಂದ್ರರಲ್ಲ. ಆದರೆ ಈ ಅನುಕೂಲಗಳಲ್ಲಿ ಯಾವುದಕ್ಕೂ ಸುಳ್ಳು ಗಡಿಯಾರ ಬೇಕಾಗಿಲ್ಲ, ನಮ್ಮ ಗೆಳೆಯರ ಪಟ್ಟಿಯೂ ಬೇಕಾಗಿಲ್ಲ. ಅವೆರಡನ್ನೂ ತೆಗೆದರೂ ನೈಟಿ ಅಗ್ಗವಾಗಿಯೇ ಸಿಗಬೇಕು. ಸಿಗುವುದಿಲ್ಲವೆಂದಾದರೆ ಅದು ಅಗ್ಗವೇ ಆಗಿರಲಿಲ್ಲ.

ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ಒಂದು ಪರಂಪರೆಯಿದೆ. ಡಾ. ರವೀಂದ್ರನಾಥ ಶಾನುಭಾಗರೂ ಅವರ ಸಂಗಡಿಗರೂ ಬಸ್ರೂರಿನಲ್ಲಿ ಕಟ್ಟಿದ ಬಳಕೆದಾರರ ವೇದಿಕೆಯು, ತೂಕದಲ್ಲಿ, ಬೆಲೆಯಲ್ಲಿ, ಸೇವೆಯಲ್ಲಿ ಮೋಸವಾದರೆ ಕೇಳಬಹುದು ಎಂಬ ಧೈರ್ಯವನ್ನು ಸಾಮಾನ್ಯರಿಗೆ ಕಲಿಸಿತು. 'ಬಳಕೆದಾರ' ಎಂಬ ಮಾತು ಆ ದಿನಗಳಲ್ಲಿ ನಮ್ಮ ಊರೂರುಗಳಲ್ಲಿ ಕೇಳಿಬರುತ್ತಿತ್ತು. ಈಗ ತಕ್ಕಡಿ ಪರದೆಯೊಳಗೆ ಹೋಗಿದೆ, ಮುಳ್ಳು ನಮಗೆ ಕಾಣುವುದಿಲ್ಲ. ಕೇಳುವ ಧೈರ್ಯ ಮಾತ್ರ ಅದೇ ಬೇಕು. ಗ್ರಾಹಕರ ದೂರಿಗೆ 1915, ಹಣದ ವಂಚನೆಯಾದರೆ ಒಡನೆಯೇ 1930 ಎಂಬ ಎರಡು ಸಂಖ್ಯೆಗಳನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಿ. ಪೊಟ್ಟಣದ ಮೇಲಿನ ವಿಳಾಸದ ಚೀಟಿಯನ್ನು ಹರಿದ ಮೇಲೆಯೇ ಕಸಕ್ಕೆ ಹಾಕಿ. ಅಂಗಡಿಯ ಆ್ಯಪ್ ನಿಮ್ಮ ಸಂಪರ್ಕಗಳ ಪಟ್ಟಿಯನ್ನು ಕೇಳಿದರೆ ಬೇಡವೆನ್ನಿ. ಬಹುಮಾನ ಕೊಡುವವನು ನಿಮ್ಮಿಂದಲೇ ಮುಂಗಡ ಕೇಳಿದರೆ ಅವನು ಕಳ್ಳನೆಂದು ತಿಳಿಯಿರಿ.

ಇನ್ನೂ ಸೇವೆಯಲ್ಲಿರುವ ನನ್ನ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ಲಾಭ-ನಷ್ಟದ ಪಾಠ ಮಾಡುವ ದಿನ, ಒಂದು ಆ್ಯಪ್‌ನ ಪರದೆಯನ್ನು ಹಲಗೆಯ ಮೇಲೆ ಬರೆದು ತೋರಿಸಿ. ಶೇಕಡಾವಾರು ಕಂಡುಹಿಡಿಯುವ ಮೊದಲು, ಈ ನಮೂದಿತ ಬೆಲೆ ಎಲ್ಲಿಂದ ಬಂತೆಂದು ಮಕ್ಕಳನ್ನು ಕೇಳಿ. ನಾನು ಮೂರು ದಶಕ ಕೇಳದೆ ಬಿಟ್ಟ ಪ್ರಶ್ನೆಯದು.

ಅಕ್ಕ ಈಗಲೂ ಆ ಆ್ಯಪನ್ನು ಬಳಸುತ್ತಾರೆ. ಬೇಡವೆನ್ನಲು ನನಗೇನು ಅಧಿಕಾರ? ಅವರು ಕಳೆದುಕೊಂಡ ಹಣವನ್ನು ನಾನು ಕೊಡಹೋದರೆ, "ನೀವೇನು ಕದ್ದಿರಾ ಮಾಷ್ಟ್ರೇ?" ಎಂದು ಗದರಿ ಕಳುಹಿಸಿದರು. ಮೊನ್ನೆ ಮಾತ್ರ ಬೇಲಿಯಾಚೆಯಿಂದಲೇ ಫೋನನ್ನು ಎತ್ತಿ ತೋರಿಸಿದರು. ಯಾವುದೋ ಪಾತ್ರೆಯ ಮೇಲೆ ಕೆಂಪು ಗಡಿಯಾರ ಓಡುತ್ತಿತ್ತು. "ಓಡಲಿ ಬಿಡಿ, ಹೂವು ಕಟ್ಟಿ ಮುಗಿಯಲಿ, ಆಮೇಲೆ ನೋಡುವ" ಎಂದು ಫೋನನ್ನು ಬೋರಲು ಹಾಕಿ ಮತ್ತೆ ಬಾಳೆನಾರು ಕೈಗೆತ್ತಿಕೊಂಡರು.

ಓದುಗ ಮಿತ್ರರೇ, ತಮಗೂ ಇಂತಹ ಅನುಭವವಾಗಿದ್ದರೆ ಸಂಕೋಚಪಡದೆ ತಮ್ಮ ಮನೆಯವರಿಗೂ ನೆರೆಯವರಿಗೂ ಹೇಳಿ. ಮೋಸ ಹೋದವರು ನಾಚಿಕೊಂಡು ಸುಮ್ಮನಿರುವುದರಿಂದಲೇ ಮೋಸ ಮಾಡುವವರಿಗೆ ಮುಂದಿನ ಮನೆಯ ವಿಳಾಸ ಸಿಗುವುದು.